ಚಿಮಣಿಯ ದಕ್ಷಿಣಕ್ಕಿದ್ದ ಸಾಲುಮನೆಗಳು

ತೆಲಂಗಾಣ ಪ್ರತ್ಯೇಕ ರಾಜ್ಯವಾಗಿ ಕೆಲವು ವರ್ಷಗಳಾಗಿದ್ದವು. ಹೈದರಾಬಾದಿನ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ವಿಮಾನದಿಂದ ತೆಗೆದ ಫೋಟೋಗಳನ್ನು ಓದಿ ನಕ್ಷೆ ತಯಾರಿಸುವ ಕೆಲಸದಿಂದ ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಸಿವಿಲ್ ದಾವೆಯೊಂದರ ವಕೀಲರು ತಜ್ಞ ಸಾಕ್ಷಿ ಹೇಳಬೇಕೆಂದು ಮನೆಗೆ ಬಂದರು. ಜೊತೆಗೆ ಅವರ ಕಕ್ಷಿದಾರಳು ಶಂಕ್ರಮ್ಮ ಬಂದಿದ್ದಳು. ರಾಯಚೂರು ಕಡೆಯಿಂದ ಬಟ್ಟೆ ಗಿರಣಿ ಕೆಲಸಕ್ಕೆ ಬಂದ ಮನೆತನದ ಸೊಸೆ. ಗಂಡ ತೀರಿಹೋದ ಮೇಲೆ ಕೋಠಿಯ ಮಾರುಕಟ್ಟೆಯಲ್ಲಿ ಹೂ ಮಾರುತ್ತಿದ್ದಳು.

ಮುಚ್ಚಿಹೋದ ಆ ಗಿರಣಿಯ ಕಾರ್ಮಿಕರಿಗೆ ಸಾಲುಮನೆಗಳಿದ್ದವು. ಉದ್ದನೆಯ ಒಂದೇ ಮಾಳಿಗೆ, ಮನೆಮನೆಗೂ ನಡುವೆ ಒಂದೇ ಗೋಡೆ. ಜನ ಅದನ್ನು ‘ಲೈನು’ ಎನ್ನುತ್ತಿದ್ದರು. ಗಿರಣಿಯ ಹೊಗೆ ಚಿಮಣಿಯ ಉತ್ತರಕ್ಕೊಂದು ಲೈನು, ದಕ್ಷಿಣಕ್ಕೊಂದು. ಉತ್ತರದ್ದು ಬಹಳ ಹಿಂದೆಯೇ ಬಿದ್ದುಹೋಗಿತ್ತು. ದಕ್ಷಿಣದ್ದನ್ನು ಜಾಗ ಕೊಂಡ ಬಿಲ್ಡರ್ ಒಂದು ಬೆಳಿಗ್ಗೆ ಜೆಸಿಬಿ ತಂದು ನೆಲಸಮ ಮಾಡಿಸಿದ. ಅಲ್ಲಿದ್ದದ್ದು ಮನೆಗಳೆಂದು ಸಾಬೀತಾದರೆ ಎಲ್ಲರಿಗೂ ಬದಲಿ ಮನೆ ಕೊಡಬೇಕು. ಹಾಗಾಗಿ ಅವನು, ದಕ್ಷಿಣದಲ್ಲಿದ್ದದ್ದು ಬರೀ ಗೋದಾಮು, ಇವರೆಲ್ಲ ಅದರೊಳಗೆ ನುಗ್ಗಿದವರು ಎಂದು ವಾದಿಸಿದ. ಪಡಿತರ ಚೀಟಿಗಳಲ್ಲಿ ‘ಗಿರಣಿ ಲೈನು’ ಎಂದಷ್ಟೇ ಇತ್ತು. ಯಾವ ಲೈನು ಎಂದಿರಲಿಲ್ಲ.

ಈ ವಾದಕ್ಕೆ ಪ್ರಮಾಣ ಮಾಡಿದವನು ಬಸಣ್ಣ, ಶಂಕ್ರಮ್ಮನ ಗಂಡನ ಸ್ವಂತ ಅಣ್ಣ. ಅದೇ ಲೈನಿನಲ್ಲಿ ಹುಟ್ಟಿದವನು. ಹೊಸ ಕಟ್ಟಡದಲ್ಲಿ ಅವನಿಗೊಂದು ಅಂಗಡಿ ಕೊಡುವ ಮಾತಾಗಿತ್ತು.

“ಮನಿ ಕೆಡವಿದವ ಹೊರಗಿನವ ಅಕ್ಕಾರ, ಅವನ್ನ ಮರೀತೀನಿ,” ಎಂದಳು ಶಂಕ್ರಮ್ಮ. “ಭಾವ ಮನೀನ ಇರಲಿಲ್ಲ ಅಂತಾನ. ಹಂಗಾದ್ರ ನನ್ನ ಗಂಡ ಜೀವ ಬಿಟ್ಟಿದ್ದೆಲ್ಲಿ? ನನಗ ಮನಿ ಸಿಗಲಿ ಬಿಡಲಿ, ಎಲ್ಲಾರ ಮುಂದ ಅವನ ಮಾರಿ ಕೆಳಗಾಗಬೇಕು.”

ಅವಳ ಬಳಿ ತನ್ನ ಮದುವೆಯ ಫೋಟೋ ಒಂದಿತ್ತು. ಸುಲ್ತಾನ್ ಬಜಾರಿನ ಸ್ಟುಡಿಯೋದವರು ಬಂದು ತೆಗೆದದ್ದು. ಮನೆ ಬಾಗಿಲಲ್ಲಿ ವಧೂವರರು, ಅವರಿಗೆ ಕೊಡೆ ಹಿಡಿದು ನಗುತ್ತಿರುವ ಬಸಣ್ಣ, ಪಕ್ಕದಲ್ಲಿ ಬ್ಯಾಂಡಿನವರು. ಮಾಳಿಗೆಯ ಹಿಂದೆ ಗಿರಣಿಯ ಚಿಮಣಿ, ಅದರ ಬಲಕ್ಕೆ ನೀರಿನ ಟ್ಯಾಂಕು. ಅದು ಉತ್ತರದ ಲೈನಿನ ಫೋಟೋ ಎಂದು ಬಸಣ್ಣ ಹೇಳಿಕೆ ಕೊಟ್ಟಿದ್ದ.

ಆ ನಗು ನೋಡಿ ನನಗೂ ಮೈ ಉರಿಯಿತು. ಇದ್ದದ್ದನ್ನು ಇರಲಿಲ್ಲವೆನ್ನುವುದು ನಕ್ಷೆ ಮಾಡುವವರ ಪಾಲಿಗೆ ಬೈಗುಳವಿದ್ದಂತೆ. ಅವನನ್ನು ಮಣಿಸಲೇಬೇಕು ಅನಿಸಿತು. ಹಾಗೆ ಅನಿಸಿದ ಕೂಡಲೇ ಭಯವೂ ಆಯಿತು. ಸಿಟ್ಟಿನ ಕಣ್ಣಿಗೆ ಬೇಕಾದದ್ದೇ ಕಾಣುತ್ತದೆ. ಆದ್ದರಿಂದ ಮೊದಲು ಬಸಣ್ಣನ ಮಾತೇ ನಿಜವೆಂದು ಸಾಧಿಸಲು ಕೂತೆ.

ಹಳೆಯ ನಗರ ನಕ್ಷೆಯಲ್ಲಿ ಎರಡೂ ಲೈನುಗಳು ಬರೀ ಉದ್ದನೆಯ ಪಟ್ಟಿಗಳಂತಿದ್ದವು. ಮನೆಯೋ ಗೋದಾಮೋ ತಿಳಿಯುವಂತಿರಲಿಲ್ಲ. ಆದರೆ ಚಿಮಣಿ, ಟ್ಯಾಂಕು ಎರಡೂ ಸ್ಪಷ್ಟವಾಗಿ ಗುರುತಾಗಿದ್ದವು. ಟ್ಯಾಂಕು ಚಿಮಣಿಯ ಪೂರ್ವಕ್ಕಿತ್ತು. ದಕ್ಷಿಣದಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿದರೆ ಅದು ಬಲಕ್ಕೆ ಕಾಣಬೇಕು. ಉತ್ತರದ ಲೈನಿನ ಆಚೆ ನಿಂತು ನೋಡಿದರೆ ಎಡಕ್ಕೆ. ಫೋಟೋದಲ್ಲಿ ಬಲಕ್ಕಿತ್ತು. ಬಸಣ್ಣನ ಮಾತು ನಿಲ್ಲಬೇಕಾದರೆ ಒಂದೇ ದಾರಿ: ಫೋಟೋ ಎಡಬಲ ತಿರುವಿ ಅಚ್ಚಾಗಿರಬೇಕು. ಅದನ್ನೂ ಪರೀಕ್ಷಿಸಿ ಕೋರ್ಟಿಗೆ ಹೋದೆ.

ಪಾಟೀಸವಾಲಿನಲ್ಲಿ ಬಿಲ್ಡರನ ವಕೀಲರು ಅಲ್ಲಿಗೇ ಬಂದರು. ನೆಗೆಟಿವ್ ತಿರುವಿಟ್ಟರೆ ಎಡ ಬಲವಾಗುತ್ತದಲ್ಲವೇ ಎಂದು ಕೇಳಿದರು.

“ಆಗುತ್ತದೆ,” ಎಂದೆ. “ಆಗ ಅಕ್ಷರಗಳೂ ಉಲ್ಟಾ ಆಗುತ್ತವೆ. ಡ್ರಮ್ಮಿನ ಮೇಲೆ ಬ್ಯಾಂಡಿನ ಹೆಸರಿದೆ, ದಯವಿಟ್ಟು ಓದಿ.”

ನ್ಯಾಯಾಧೀಶರು ಭೂತಗನ್ನಡಿ ತರಿಸಿ ತೆಲುಗಿನ ಆ ಹೆಸರನ್ನು ತಾವೇ ಗಟ್ಟಿಯಾಗಿ ಓದಿದರು. ಅಕ್ಷರಗಳು ನೆಟ್ಟಗಿದ್ದವು; ಅಂದರೆ ಫೋಟೋ ದಕ್ಷಿಣದ ಲೈನಿನದೇ. ಬಳಿಕ ಬಸಣ್ಣನನ್ನು ಮತ್ತೆ ಕಟಕಟೆಗೆ ಕರೆದು, ಕೊಡೆ ಹಿಡಿದವರು ಯಾರು ಎಂದು ಕೇಳಿದರು. “ನಾನಽ ರಿ,” ಎಂದ. ಯಾರ ಮನೆಯ ಮುಂದೆ ಎಂದು ಕೇಳಿದಾಗ ಮುಖ ಕೆಳಗೆ ಹಾಕಿ, “ನಮ್ಮ ಮನಿ,” ಎಂದ. ಹಿಂದಿನ ಬೆಂಚಿನಲ್ಲಿ ಶಂಕ್ರಮ್ಮ ಎದ್ದು ನಿಂತಿದ್ದಳು. ನನಗೆ ಆದ ಸಂತೋಷ ಒಳ್ಳೆಯ ಜಾತಿಯದ್ದಾಗಿರಲಿಲ್ಲ. ಆದರೂ ಅದು ಸಂತೋಷವೇ.

ತೀರ್ಪು ಲೈನಿನವರ ಪರವಾಯಿತು. ಸುಳ್ಳು ಪ್ರಮಾಣಕ್ಕಾಗಿ ಬಸಣ್ಣನ ಮೇಲೆ ಬೇರೆ ಮೊಕದ್ದಮೆ ಶುರುವಾಯಿತು. ಒಂದು ದಿನ ನಾನು ಕೋಠಿಗೆ ಹೋದಾಗ ಅವನು ಶಂಕ್ರಮ್ಮನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

“ಮಗಳ ಲಗ್ನ ಐತಿ ತಂಗಿ. ಜಡ್ಜ್ ಸಾಹೇಬ್ರ ಮುಂದ ನನ್ನ ಪರವಾಗಿ ಒಂದು ಮಾತು ಹೇಳು.”

ಅವಳು ಮಲ್ಲಿಗೆ ಕಟ್ಟುವುದನ್ನು ನಿಲ್ಲಿಸಲಿಲ್ಲ. “ಲಗ್ನ ಯಾವ ಮನ್ಯಾಗ ಮಾಡ್ತೀರಿ ಭಾವಾರ? ಇದ್ದ ಮನಿ ಇಲ್ಲ ಅಂದ್ರಿ. ನಾನೂ ಹಂಗಽ ಅಂತೀನಿ. ನನಗ ಭಾವ ಅನ್ನಾಂವ ಯಾರೂ ಇಲ್ಲ.”

ಬಸಣ್ಣ ನನ್ನ ಮುಖ ನೋಡಿದ. ಕ್ಷಮಿಸಿಬಿಡಮ್ಮ ಎಂದು ನಾನು ಶಂಕ್ರಮ್ಮನಿಗೆ ಹೇಳಬಹುದಿತ್ತು, ಹೇಳಲಿಲ್ಲ.

ಸಾಕ್ಷಿ ಹುಡುಕುವವರಿಗೆ ರಾಗದ್ವೇಷ ಇರಬಾರದು ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಡುತ್ತಿದ್ದರು. ಅದು ಆಗುವ ಮಾತಲ್ಲ. ಶತ್ರುವನ್ನು ಗೆಲ್ಲಬೇಕೆಂದಿದ್ದರೆ ಮೊದಲು ಅವನ ಪರ ನಿಂತು, ಮನಸಾರೆ, ಆ ಪಕ್ಷ ಸೋಲುವವರೆಗೂ ವಾದಿಸಬೇಕು. ದ್ವೇಷದಿಂದಲೇ ಕೆಲಸಕ್ಕೆ ಕೂತರೂ ಅಳತೆ ಮಾತ್ರ ತಪ್ಪಬಾರದು.