ಲಿವರ್ ಬಿಟ್ಟ ಕೈ

ಬಿಕರ್ನಕಟ್ಟೆಯ ಹತ್ತಿರ ಹದಿನೆಂಟು ಮಾಳಿಗೆಯ ಕಟ್ಟಡವೊಂದು ಏಳುತ್ತಿದ್ದಾಗ ಅದರ ಟವರ್ ಕ್ರೇನನ್ನು ಎರಡು ವರ್ಷ ನಡೆಸಿದವನು ನಾನು. ಬೆಳಿಗ್ಗೆ ಏಣಿ ಹತ್ತಿ ಗಾಜಿನ ಕ್ಯಾಬಿನ್‌ನಲ್ಲಿ ಕೂತರೆ ಊರಿನ ಗದ್ದಲವೆಲ್ಲ ಕೆಳಗೇ ಉಳಿಯುತ್ತಿತ್ತು. ಹೆದ್ದಾರಿಯ ಬಸ್ಸುಗಳು ಸದ್ದಿಲ್ಲದೆ ಜಾರುತ್ತಿದ್ದವು. ಪೂರ್ವಕ್ಕೆ ವಾಮಂಜೂರಿನ ಕಡೆಯ ಹಸಿರು, ಪಡುವಣಕ್ಕೆ ತೆಂಗಿನ ತಲೆಗಳಾಚೆ ಕಡಲು. ಕಡಲೋ ಆಕಾಶವೋ ತಿಳಿಯದ ಆ ಬಿಳಿಚು ಗೆರೆಯನ್ನು ನೋಡುತ್ತಾ ನೋಡುತ್ತಾ, ನಾನು ಇದ್ದೇನೋ ಇಲ್ಲವೋ ಎನ್ನುವಷ್ಟು ಹಗುರಾಗುತ್ತಿದ್ದೆ. ಗಾಳಿಗೆ ಕ್ರೇನ್ ಸ್ವಲ್ಪ ತೂಗುತ್ತದೆ, ಅದೂ ಹಿತವೇ. ಕನಸು ಕಾಣಲು ಸಂಬಳ ಕೊಟ್ಟು ಕೂರಿಸಿದ್ದಾರೆ ಎಂದು ಮನೆಯಲ್ಲಿ ಜಂಭ ಕೊಚ್ಚಿಕೊಳ್ಳುತ್ತಿದ್ದೆ.

ಕೆಳಗಿನಿಂದ ನನಗೆ ಸಿಗ್ನಲ್ ಕೊಡುತ್ತಿದ್ದವರು ಒಬ್ಬ ಬ್ಯಾರಿ ಮುಸಲ್ಮಾನ ಹಿರಿಯರು, ಗಲ್ಫಿನಲ್ಲಿ ಇದೇ ಕೆಲಸ ಮಾಡಿ ಬಂದವರು. ನನಗೆ ಅವರು ಕಾಕಾ. ಇಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಅವರಿಗೆ ನಾನು ಪೊರ್ಬುಗಳು. ಇಬ್ಬರ ಬಳಿಯೂ ವಾಕಿಟಾಕಿ ಇತ್ತು, ಆದರೆ ಒಗ್ಗಿಹೋದ ಮೇಲೆ ನಾವು ಅದರಲ್ಲಿ ಮಾತಾಡಿದ್ದು ಚಹಾದ ವಿಷಯವೇ ಹೆಚ್ಚು. ಉಳಿದದ್ದೆಲ್ಲ ಕೈಸನ್ನೆ. ಅಂಗೈ ಎತ್ತಿದರೆ ನಾನು ನಿಲ್ಲಿಸಬೇಕು. ಲೋಡ್ ನಿಂತದ್ದನ್ನು ಕಣ್ಣಾರೆ ನೋಡದೆ ಅವರು ಅದರ ಕೆಳಗೆ ಕಾಲಿಡಬಾರದು. ಈ ನಿಯಮ ಇಬ್ಬರಿಗೂ ಬಾಯಿಪಾಠವಾಗಿತ್ತು.

ಆ ದಿನ ಕಬ್ಬಿಣದ ಸರಳುಗಳ ಕಟ್ಟೊಂದನ್ನು ಇಳಿಸುತ್ತಿದ್ದೆ. ಬಲಗೈಯಲ್ಲಿ ಲಿವರ್, ಕಣ್ಣು ಮಾತ್ರ ಕಡಲಿನ ಮೇಲೆ. ಬೆಳಗಿನ ಮಳೆ ಬಿಟ್ಟು ಬಿಸಿಲು ಬಂದಿತ್ತು. ದೂರದಲ್ಲಿ ಹಡಗೊಂದು ಅಲ್ಲಾಡದೆ ನಿಂತಿತ್ತು. ಅದರೊಳಗೆ ಈಗ ಯಾರು ಊಟಕ್ಕೆ ಕೂತಿರಬಹುದು, ಎಂತ ಪದಾರ್ಥ ಇರಬಹುದು ಎಂದೆಲ್ಲ ಯೋಚಿಸುತ್ತಿದ್ದೆ. ಆಗ ಹತ್ತಿರದ ಬಾಲಯೇಸುವಿನ ಇಗರ್ಜಿಯಲ್ಲಿ ಹನ್ನೆರಡರ ಗಂಟೆ ಹೊಡೆಯಿತು. ಅಷ್ಟು ಮೇಲಕ್ಕೂ ಏರಿ ಬರುವ ಸದ್ದು ಅದೊಂದೇ. ಅದನ್ನು ಕೇಳಿದರೆ ಕೈ ತಾನಾಗಿ ಹಣೆಗೆ ಹೋಗುತ್ತದೆ, ಅಮ್ಮ ಚಿಕ್ಕಂದಿನಲ್ಲೇ ಮಾಡಿಸಿದ ಅಭ್ಯಾಸ. ಲಿವರ್ ಬಿಟ್ಟು ಶಿಲುಬೆಯ ಗುರುತು ಮಾಡಿಕೊಂಡೆ. ಕೈ ಬಿಟ್ಟರೆ ಆ ಲಿವರ್ ತಾನೇ ನಡುವಿಗೆ ಮರಳಿ ಲೋಡ್ ನಿಂತುಬಿಡುತ್ತದೆ.

ಆಮೇಲೆ ಕೆಳಗೆ ನೋಡಿದೆ. ಸರಳುಗಳ ಕಟ್ಟಿಗೆ ಒಂದು ಮೊಳ ಕೆಳಗೆ ಕಾಕಾನ ಬಗ್ಗಿದ ಬೆನ್ನು ಇತ್ತು. ಸರಳು ಇಡಲು ಹಾಸಿದ್ದ ಮರದ ತುಂಡು ಜಾರಿತ್ತು, ಅದನ್ನು ಸರಿಮಾಡುತ್ತಿದ್ದರು. ಮುಗಿಸಿ ಹೊರಗೆ ಬಂದು, ನನ್ನ ಕಡೆ ತಲೆಯೆತ್ತಿ, ಸರಿಯಾಯಿತೆಂದು ಹೆಬ್ಬೆರಳು ತೋರಿಸಿದರು.

ಊಟಕ್ಕೆ ಇಳಿದು ಬಂದರೆ ಅವರು ಹೊಸದಾಗಿ ಸೇರಿದ ಇಬ್ಬರಿಗೆ ನನ್ನ ಗುಣಗಾನ ಮಾಡುತ್ತಿದ್ದರು.

"ನಾನು ಕೈ ಎತ್ತಿದ್ದು, ಇವರು ನಿಲ್ಲಿಸಿದ್ದು, ಎರಡೂ ಒಟ್ಟಿಗೇ. ಪೊರ್ಬುಗಳು ಮೇಲೆ ಇದ್ರೆ ನೋಡ್ಲಿಕ್ಕೇ ಇಲ್ಲ ಮಾರಾಯ್ರೆ, ಕಣ್ಣು ಮುಚ್ಚಿ ಹೋಗ್ಬಹುದು."

ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಉಳಿಸಿಕೊಳ್ಳುವ ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ನಾಳೆ ಕಾಕಾ ನಿಜವಾಗಿ ಕಣ್ಣು ಮುಚ್ಚಿಯೇ ಹೋಗುತ್ತಾರೆ, ಕೇಳುತ್ತಾ ಕೂತ ಇವರಿಬ್ಬರೂ ಹೋಗುತ್ತಾರೆ. ನನಗೆ ಹೆದರಿಕೆಯಾಯಿತು.

"ಕಾಕಾ, ನಾನು ನಿಮ್ಮನ್ನು ನೋಡ್ಲೇ ಇಲ್ಲ," ಎಂದೆ. "ಗಂಟೆ ಹೊಡೀತಲ್ಲ, ಶಿಲುಬೆ ಮಾಡ್ಲಿಕ್ಕೆ ಕೈ ತೆಗೆದದ್ದು. ಇಲ್ಲದಿದ್ರೆ ಇಳಿಸ್ತಾನೇ ಇದ್ದೆ."

ಹೊಸಬರಲ್ಲಿ ಒಬ್ಬ, ಇದು ಬಾಲಯೇಸುವಿನ ಪವಾಡವೇ ಸರಿ ಎಂದ. ಕಾಕಾ ಅವನ ಕಡೆ ತಿರುಗಲಿಲ್ಲ. ಕಲಸಿದ ಅನ್ನವನ್ನು ಮತ್ತೆ ಮತ್ತೆ ಕಲಸುತ್ತಾ ಕೂತರು.

"ಎರಡು ವರ್ಷದಿಂದ ನಾನು ಹೀಗೇ, ಕೈ ಎತ್ತಿ ಮೇಲೆ ನೋಡದೆ ಹೋಗ್ತಾ ಇದ್ದೇನೆ," ಎಂದರು ಕೊನೆಗೆ. "ಅದರಲ್ಲಿ ಎಷ್ಟು ಸಲ ನನ್ನ ಕೈ ನೀವು ನೋಡಿದ್ದುಂಟು?"

ಯೋಚಿಸಿದೆ. ಒಂದು ಸಲವೂ ನೆನಪಾಗಲಿಲ್ಲ.

"ಗೊತ್ತಿಲ್ಲ ಕಾಕಾ," ಎಂದೆ.