ಅಕ್ಕನ ಕೈಗೆ ಬಂದ ಕೂಸು

ನಮ್ಮೂರ ಹೊಳೆಗೆ ನೀರು ಬಂದದ್ದು ನನಗೆ ಗೊತ್ತಾದದ್ದು ಒಂದು ಫೋಟೋದಿಂದ. ಬೆಳಿಗ್ಗೆ ಇಲ್ಲಿ ಅಮೇರಿಕಾದ ಕ್ಯಾಂಪ್‌ಬೆಲ್‌ನಲ್ಲಿ ನಾನು ಕೆಲಸ ಮಾಡುವ ಡೇಕೇರಿನ ಮುಂದೆ ಕಾರು ನಿಲ್ಲಿಸಿ, ಒಳಗೆ ಹೋಗುವ ಮುಂಚೆ ಫೋನು ತೆರೆದೆ. ಊರಿನ ಪಕ್ಕದ ಮನೆಯವರು ಕಳಿಸಿದ್ದರು. ನನ್ನ ಅಕ್ಕ ಸೊಂಟದವರೆಗಿನ ಕೆಸರು ನೀರಿನಲ್ಲಿ ನಿಂತಿದ್ದಳು. ಸೆರಗು ಜಾರಿ, ಕೂದಲು ಬಿಚ್ಚಿಹೋಗಿತ್ತು. ನೀಲಿ ಗೆರೆಯ ಟವೆಲಿನಲ್ಲಿ ಸುತ್ತಿದ ಒಂದು ಗಂಟನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದಳು. ಅದು ಏನೆಂದು ನನಗೆ ನೋಡಿದ ತಕ್ಷಣ ಗೊತ್ತಾಯಿತು. ಅವಳ ಹೊಲಿಗೆ ಮಷಿನ್ನು. ಕೆಳಗಿನ ಕಬ್ಬಿಣದ ಸ್ಟ್ಯಾಂಡು ಮನೆಯೊಳಗೇ ಬಿಟ್ಟು, ಮೇಲಿನ ಭಾಗವನ್ನಷ್ಟೇ ಬಿಚ್ಚಿ ಎತ್ತಿಕೊಂಡು ಬಂದಿದ್ದಳು.

ಕಾರಿನಲ್ಲಿ ಕೂತೇ ಫೋನು ಮಾಡಿದೆ. ಎರಡು ಸಲ ಹತ್ತಲಿಲ್ಲ, ಮೂರನೇ ಸಲ ಎತ್ತಿದಳು.

"ಅಕ್ಕಾ, ಹೆಂಗದೀ?"

"ಅದೀನಿ. ಸಾಲ್ಯಾಗ ಇಟ್ಟಾರ ನಮ್ಮನ್ನ. ಹಿಂದಿನ ಗ್ವಾಡಿ ಬಿತ್ತು. ಮಷಿನ್‌ನಾಗ ನೀರು ಹೋಗಿಲ್ಲ, ಅಷ್ಟ ಸಾಕು. ನೀ ಅಳಬ್ಯಾಡ, ಕೆಲಸಕ್ಕ ಹೋಗು."

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಮದುವೆಯಾದ ಆರನೇ ವರ್ಷಕ್ಕೆ ಅವಳನ್ನು ಹೊರಗೆ ಹಾಕಿದರು. ತವರಿಗೆ ಬಂದರೂ ಯಾರ ಹಂಗಿಗೂ ಬೀಳದೆ ನಮ್ಮೂರಿನಲ್ಲೇ ಒಂದು ಕೋಣೆ ಹಿಡಿದು ಬ್ಲೌಸು ಹೊಲಿಯಲು ಕೂತಳು. ನನ್ನ ಕಾಲೇಜು ನಡೆದದ್ದು ಆ ಮಷಿನ್ನಿನಿಂದ. ಓಣಿಯ ಹೆಂಗಸರು ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅವಳನ್ನು ಕರೆಯುತ್ತಿರಲಿಲ್ಲ. ಅದೇ ಕೂಸಿಗೆ ಕುಲಾಯಿ, ಅಂಗಿ ಹೊಲಿಸಿಕೊಂಡು ಹೋಗಲು ಮಾತ್ರ ಬರುತ್ತಿದ್ದರು. ಅಕ್ಕ ಕುಲಾಯಿಯ ಅಂಚಿಗೆ ಒಂದು ಸಾಲು ಬಣ್ಣದ ದಾರ ಹೆಚ್ಚಿಗೆ ಹಾಕಿಯೇ ಕೊಡುತ್ತಿದ್ದಳು.

ಇಂಥ ಅಕ್ಕನ ಬಗ್ಗೆ ನಾನು ಇಲ್ಲಿ ಹೇಳಿಕೊಂಡದ್ದು ಏನು? ನಾವು ಗಿಲ್‌ರಾಯ್‌ನಲ್ಲಿ ಮನೆ ಕೊಂಡವರು. ಕೈಗೆಟುಕಿದ್ದು ಅಲ್ಲಿ ಮಾತ್ರ. ನಮ್ಮ ಕನ್ನಡದವರ ಗುಂಪಿನಲ್ಲಿ ಉಳಿದವರೆಲ್ಲ ಅದರ ಉತ್ತರಕ್ಕಿರುವ ದುಬಾರಿ ಊರುಗಳಲ್ಲಿದ್ದರು. ಅವರ ಅಣ್ಣಂದಿರು ಧಾರವಾಡದಲ್ಲಿ ಡಾಕ್ಟರು, ಅಕ್ಕಂದಿರು ಬೆಳಗಾವಿಯಲ್ಲಿ ಪ್ರೊಫೆಸರು. ಒಂದು ಯುಗಾದಿ ಊಟದಲ್ಲಿ, ಎಲೆಯ ಮುಂದೆ ಕೂತಾಗ, ನಿಮ್ಮ ಅಕ್ಕ ಏನು ಮಾಡುತ್ತಾರೆ ಎಂದು ಯಾರೋ ಕೇಳಿದರು. "ಹುಬ್ಬಳ್ಳಿಯಲ್ಲಿ ಬೊಟಿಕ್ ಇಟ್ಟಿದ್ದಾಳೆ" ಎಂದುಬಿಟ್ಟೆ. ಆಮೇಲೆ ಆ ಸುಳ್ಳಿಗೆ ಒಂದೊಂದೇ ಕಿಟಕಿ, ಬಾಗಿಲು ಇಡುತ್ತ ಹೋದೆ. ಇಬ್ಬರು ಕೆಲಸಗಾರರಿದ್ದಾರೆ ಎಂದೆ, ಮದುವೆ ಸೀಸನ್ನಿನಲ್ಲಿ ಫೋನು ಎತ್ತುವುದಕ್ಕೂ ಪುರುಸೊತ್ತಿಲ್ಲ ಎಂದೆ.

ಆ ಸಂಜೆ ಫೋಟೋವನ್ನು ಗುಂಪಿಗೆ ಹಾಕಿದೆ. "ನಮ್ಮ ಕಡೆಯ ಪರಿಸ್ಥಿತಿ" ಎಂದಷ್ಟೇ ಬರೆದೆ. ನನ್ನ ಅಕ್ಕ ಎಂದು ಬರೆಯಲಿಲ್ಲ. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಎರಡು ದಿನದಲ್ಲಿ ಗುಂಪಿನ ಅಧ್ಯಕ್ಷೆ ಫೋನು ಮಾಡಿದರು. ಸಿರಿವಂತರ ಊರು ಲಾಸ್ ಆಲ್ಟೋಸ್‌ನಲ್ಲಿ ಇರುವವರು, ಮಾತು ಚುರುಕು, ಕೆಲಸವೂ ಚುರುಕು.

"ನೀವು ಹಾಕಿದ ಆ ಫೋಟೋ ನೋಡಿ ನನಗೆ ನಿದ್ದೇನೇ ಬರಲಿಲ್ಲ ರೀ. ನಾವು ಏನಾದ್ರೂ ಮಾಡ್ಲೇಬೇಕು. ಒಂದು ಆರ್ಟ್ ಎಕ್ಸಿಬಿಷನ್ ಮಾಡೋಣ. ನಮ್ಮಲ್ಲಿ ಪೇಂಟ್ ಮಾಡೋರು ಎಷ್ಟು ಜನ ಇದ್ದಾರೆ! ಬಂದಿದ್ದೆಲ್ಲ ರಿಲೀಫಿಗೆ. ನೀವು ಆ ಕಡೆಯವರು, ಎಲ್ಲಿಗೆ ಕಳಿಸ್ಬೇಕು ಅಂತ ನೀವೇ ಹೇಳ್ಬೇಕು."

ನಾನು ನನ್ನೂರಿನ ಹೆಸರು ಕೊಟ್ಟೆ. ಹಾಗಾದರೂ ಅಕ್ಕನಿಗೆ ಏನಾದರೂ ತಲುಪಲಿ ಎಂದುಕೊಂಡೆ. ಬಿದ್ದ ಗೋಡೆಗೆ ಬೇಕಾದ ಹಣವನ್ನು ನಾನು ಬೇರೆಯಾಗಿ ಕಳಿಸಿದ್ದೆ.

ಪ್ರದರ್ಶನದ ದಿನ ನನಗೆ ಹಚ್ಚಿದ ಕೆಲಸ ಹೆಸರಿನ ಚೀಟಿ ಅಂಟಿಸುವುದು, ಆಮೇಲೆ ಸಮೋಸಾ ಮೇಜು ನೋಡಿಕೊಳ್ಳುವುದು. ಹನ್ನೆರಡು ವರ್ಷದ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಸಭಾಂಗಣದ ತುಂಬ ಮೈಸೂರು ಅರಮನೆ, ಹಂಪಿಯ ರಥ, ಗೋಲ್ಡನ್ ಗೇಟ್ ಸೇತುವೆಯ ಮಂಜು, ಮಕ್ಕಳು ಬರೆದ ನವಿಲುಗಳು. ಬಾಗಿಲ ಎದುರಿಗೆ, ಎಲ್ಲರ ಕಣ್ಣು ಮೊದಲು ಬೀಳುವ ಜಾಗದಲ್ಲಿ, ಒಂದು ಸ್ಟ್ಯಾಂಡಿನ ಮೇಲೆ ನನ್ನ ಅಕ್ಕ ಇದ್ದಳು.

ನೀರು ಅದೇ, ಬಿಚ್ಚಿದ ಕೂದಲು ಅದೇ. ಎಡಹುಬ್ಬಿನ ಮೇಲಿನ ಗಾಯದ ಗುರುತನ್ನೂ ಬಿಟ್ಟಿರಲಿಲ್ಲ. ನೀಲಿ ಗೆರೆಯ ಟವೆಲೂ ಇತ್ತು. ಆದರೆ ಟವೆಲಿನ ನಡುವೆ, ಒಳಗಿನ ಮಷಿನ್ನಿನ ಗಾಲಿ ಉಬ್ಬಿ ಕಾಣಬೇಕಾದ ಕಡೆ, ನಿದ್ದೆ ಹೋದ ಒಂದು ಕೂಸಿನ ಮುಖ. ಮುಷ್ಟಿ ಕಟ್ಟಿದ ಪುಟ್ಟ ಕೈಯೊಂದು ಹೊರಗೆ ಬಂದಿತ್ತು. ಕೆಳಗೆ ಅಂಟಿಸಬೇಕಾದ ಚೀಟಿ ನನ್ನ ಕೈಯಲ್ಲೇ ಇತ್ತು: "ತಾಯಿ."

ಬರೆದವರು ಮೈಸೂರಿನ ಕಡೆಯ ಹಿರಿಯರು. ಎಂಜಿನಿಯರ್ ಆಗಿ ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಜಲವರ್ಣ ಕಲಿತವರು. ಅವರನ್ನು ಬೈಯಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಅವರು ಏನನ್ನೂ ತಿದ್ದಿರಲಿಲ್ಲ. ಆ ಗಂಟಿನಲ್ಲಿ ಅವರಿಗೆ ಕಂಡದ್ದೇ ಕೂಸು. ಹೆಂಗಸೊಬ್ಬಳು ನೀರಿನಲ್ಲಿ ನಿಂತು ಅಷ್ಟು ಗಟ್ಟಿಯಾಗಿ ಇನ್ನೇನನ್ನು ಅವುಚಿಕೊಂಡಾಳು?

ಮಗಳು ಚಿತ್ರದ ಹತ್ತಿರ ಹೋಗಿ, ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು: "ಅಮ್ಮಾ, ಈಸ್ ದಟ್ ದೊಡ್ಡವ್ವ?"

ಅಧ್ಯಕ್ಷೆ ಪಕ್ಕದಲ್ಲೇ ಇದ್ದರು. "ಯಾರು? ನಿಮ್ಮವರಾ?"

"ಛೆ, ಇಲ್ಲ ಇಲ್ಲ" ಎಂದೆ. ನಕ್ಕೆ ಕೂಡ. "ಇವಳಿಗೆ ನಮ್ಮ ಕಡೆ ಹೆಂಗಸರೆಲ್ಲ ಒಂದೇ ಥರ ಕಾಣಿಸ್ತಾರೆ."

ಸುತ್ತಲಿದ್ದವರೂ ನಕ್ಕರು. ಮಗಳು ನಗಲಿಲ್ಲ. ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸಮೋಸಾ ಮೇಜಿನ ಹಿಂದೆ ಹೋಗಿ ಕೂತಳು.

ಸ್ವಲ್ಪ ಹೊತ್ತಿಗೆ ಚಿತ್ರ ಬರೆದವರೇ ನನ್ನ ಹತ್ತಿರ ಬಂದರು. "ಫೋಟೋ ಹಾಕಿದ್ದು ನೀವೇ ಅಲ್ವೇನಮ್ಮ? ಆ ತಾಯಿ ಮಗು ಈಗ ಚೆನ್ನಾಗಿದ್ದಾರಾ? ಬರೀತಾ ಬರೀತಾ ಅದೇ ಯೋಚನೆ ನನಗೆ."

ಆಗಲಾದರೂ ಹೇಳಬಹುದಿತ್ತು. ಎದುರಿಗೆ ಅವರೊಬ್ಬರೇ ಇದ್ದರು.

"ಚೆನ್ನಾಗಿದ್ದಾರೆ ಸರ್" ಎಂದೆ. ಅವರ ಕಣ್ಣು ತುಂಬಿತು.

ಎಲ್ಲ ಚಿತ್ರಗಳಿಗಿಂತ ಹೆಚ್ಚಿನ ಬೆಲೆಗೆ ಹೋದದ್ದು ಅದೇ. ಎಲ್ಲ ಕಳೆದುಕೊಂಡರೂ ಮಗುವನ್ನು ಬಿಡದ ತಾಯಿ ಎಂದು ಅಧ್ಯಕ್ಷೆ ಮೈಕಿನಲ್ಲಿ ಹೇಳಿದಾಗ ಮುಂದಿನ ಸಾಲಿನ ಕೆಲವರು ಕಣ್ಣೊರೆಸಿಕೊಂಡರು. ನಾನು ಚಪ್ಪಾಳೆ ತಟ್ಟಿದೆ. ಕೈಗಳು ತಾವಾಗಿ ತಟ್ಟಿದವು ಎಂದು ಹೇಳಿದರೆ ಅದೂ ಸುಳ್ಳಾದೀತು.

ಮನೆಗೆ ಹೋಗುವಾಗ ಫ್ರೀವೇಯಲ್ಲಿ ಅರ್ಧ ದಾರಿಗೆ ಮಗಳು ಕೇಳಿದಳು, "ವೈ ಡಿಡ್ ಯೂ ಸೇ ನೋ?"

"ನಿನಗೆ ಅರ್ಥ ಆಗಲ್ಲ."

"ನಂಗೆ ಅರ್ಥ ಆಗತ್ತೆ" ಎಂದಳು. ಅವಳು ತಾನಾಗಿ ಕನ್ನಡದಲ್ಲಿ ಉತ್ತರ ಕೊಡುವುದು ಅಪರೂಪ.

ಮುಂದಿನ ವಾರ ಹಣವನ್ನು ಹೇಗೆ ಬಳಸಬೇಕೆಂದು ಕಮಿಟಿ ಸೇರಿತು, ಎಲ್ಲರೂ ಅವರವರ ಮನೆಯಿಂದಲೇ ಕಂಪ್ಯೂಟರಿನಲ್ಲಿ. ಚಿತ್ರಕ್ಕೆ ಅಷ್ಟು ಹೆಸರು ಬಂದದ್ದರಿಂದ ಅಧ್ಯಕ್ಷೆಗೆ ಒಂದು ವಿಚಾರ ಹೊಳೆದಿತ್ತು. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಮಾತ್ರ ಒಂದು ಕಿಟ್ಟು: ಹಾಲಿನ ಪುಡಿ, ಕೂಸಿನ ಬಟ್ಟೆ, ಸೊಳ್ಳೆಪರದೆ, ಸೀರೆ, ಹೊದಿಕೆ. ಚೀಲದ ಮೇಲೆ ಆ ಚಿತ್ರವನ್ನೇ ಅಚ್ಚು ಹಾಕಿಸುವುದು. "ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಡೋದಕ್ಕಿಂತ ಫೋಕಸ್ ಇರ್ಬೇಕು" ಎಂದರು. ಯಾರಾದರೂ ಬೇರೆ ಹೇಳುವುದಿದೆಯೇ ಎಂದೂ ಕೇಳಿದರು. ನನ್ನ ಮೈಕು ಮ್ಯೂಟಿನಲ್ಲಿತ್ತು. ಅದನ್ನು ತೆಗೆಯಲು ಒಂದು ಬೆರಳು ಸಾಕಿತ್ತು. ಮಕ್ಕಳಿಲ್ಲದವರೂ ನೀರಿನಲ್ಲಿ ನಿಂತಿದ್ದರು ಎಂದು, ಅಕ್ಕನ ಹೆಸರೆತ್ತದೆಯೂ ಹೇಳಬಹುದಿತ್ತು. ಹೇಳಿದರೆ ಯಾಕೆ ಎಂದು ಕೇಳಿಯಾರು ಎಂಬ ಭಯ. ಹೆಬ್ಬೆರಳೆತ್ತಿದ ಚಿತ್ರ ಒತ್ತಿ ಒಪ್ಪಿಗೆ ಸೂಚಿಸಿದೆ.

ಕಿಟ್ಟು ಹಂಚಿದ ಮರುದಿನ ಅಕ್ಕ ವಿಡಿಯೋ ಕಾಲ್ ಮಾಡಿದಳು. ತಾನಾಗಿ ಮಾಡುವವಳಲ್ಲ. ನಾನು ಅಡುಗೆಮನೆಯಲ್ಲಿದ್ದೆ, ಮಗಳು ಎದುರಿಗೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು.

"ನಿಮ್ಮ ಅಮೇರಿಕಾದ ಚೀಲ ಬಂದಾವ" ಎಂದಳು ಅಕ್ಕ. "ನಾನೂ ಹೋಗಿ ಪಾಳಿ ಹಚ್ಚಿದ್ದೆ. ಕೂಸು ಎಲ್ಲೈತ್ರಿ ಅಂತ ಕೇಳಿದ್ರು. ಇಲ್ಲರಿ ಅಂದೆ. ಹಂಗಾರ ನಿಮಗಲ್ಲರಿ, ಬಾಜೂಕ ಸರೀರಿ ಅಂದ್ರು. ಸರದೆ."

ನಾನು ಒಲೆ ಆರಿಸಿದೆ.

"ಆಮ್ಯಾಲ ಚೀಲ ನೋಡಿದೆ. ನಾನ ಅದೀನಿ ಅದರ ಮ್ಯಾಲ. ಎಲ್ಲಾ ನನ್ನಂಗ ಬರದಾರ. ಕೈಯಾಗ ಕೂಸು ಕೊಟ್ಟಾರ." ಅವಳ ದನಿ ಏರಲಿಲ್ಲ. "ಮಷಿನ್ ಎಲ್ಲಿ ಹೋತು?"

"ಅಕ್ಕಾ, ಅವರಿಗೆ ಗೊತ್ತಾಗ್ಲಿಲ್ಲ..."

"ಅಂತೂ ಅಮೇರಿಕಾದಾಗ ಒಂದು ಹಡದಿ ಬಿಡು ಅಂತ ಓಣ್ಯಾನ ಹೆಂಗಸರು ನಗಾಕತ್ತಾರ. ನಗವಲ್ರ್ಯಾಕ. ಅವರ ಬಾಯಿ ಹೊಸಾದಲ್ಲ ನನಗ. ಆದ್ರ ಅಲ್ಲಿ ನೀ ಇದ್ದೆಲ್ಲ. ಇಕಿ ನಮ್ಮಕ್ಕ, ಇಕಿಗೆ ಮಕ್ಕಳಿಲ್ಲ ಅಂತ ಒಂದು ಮಾತು ಹೇಳಲಿಲ್ಲೇನು?"

"ನನಗೆ ಗೊತ್ತಿರಲಿಲ್ಲ ಅಕ್ಕಾ. ನಾನು ನೋಡೋದ್ರೊಳಗ..."

ಮಗಳು ಪೆನ್ಸಿಲು ಕೆಳಗಿಟ್ಟು ಫೋನಿನ ಕಡೆ ಬಾಗಿದಳು. "ದೊಡ್ಡವ್ವಾ, ಐ ಟೋಲ್ಡ್ ದೆಮ್. ಅಮ್ಮ ನೋ ಅಂದ್ಲು."

ಅಕ್ಕನಿಗೆ ಇಂಗ್ಲಿಷ್ ಬಾರದು. ಆದರೆ ಅದರಲ್ಲಿ ತಿಳಿಯದೆ ಉಳಿಯುವಂಥದ್ದು ಏನೂ ಇರಲಿಲ್ಲ. "ಒಲಿ ಮ್ಯಾಲ ಏನರ ಇಟ್ಟಿರಬೇಕು ನೀ, ನೋಡಕೋ" ಎಂದು ಕಾಲ್ ಕಟ್ ಮಾಡಿದಳು.

ಆಮೇಲೆ ನಾನು ಹೇಳಿದೆ, ಎಲ್ಲರಿಗೂ ಹೇಳಿದೆ. ಹೇಳುವುದು ಸುಲಭವಾದ ಮೇಲೆ ಹೇಳಿದೆ. ಚಿತ್ರ ಬರೆದವರನ್ನು ಕ್ಯಾಂಪ್‌ಬೆಲ್‌ನ ಒಂದು ಕಾಫಿ ಅಂಗಡಿಯಲ್ಲಿ ಕಂಡೆ. ಅವರು ಕಪ್ಪು ಮುಟ್ಟದೆ ಎಲ್ಲ ಕೇಳಿಸಿಕೊಂಡರು. "ಆವತ್ತು ನಾನು ಬಂದು ಕೇಳಿದೆನಲ್ಲಮ್ಮ" ಎಂದರು, ಅಷ್ಟೇ. ಅಕ್ಕನಿಗೆ ಕ್ಷಮೆ ಕೇಳಿ ಪತ್ರ ಬರೆಯುತ್ತೇನೆಂದು ವಿಳಾಸ ತೆಗೆದುಕೊಂಡರು. ಬರೆದರು ಎಂದೂ ಕೇಳಿದೆ. ಗುಂಪಿನ ಕಾರ್ಯಕ್ರಮಗಳಿಗೆ ಬರುವುದನ್ನು ಬಿಟ್ಟರು. ಅವರು ಮಾಡದ ತಪ್ಪಿಗೆ.

ಅಧ್ಯಕ್ಷೆ ಮಾತ್ರ, "ಹುಬ್ಬಳ್ಳಿಯಲ್ಲಿ ಬೊಟಿಕ್ ಅಂದಿದ್ರಿ?" ಎಂದರು. ಆಮೇಲೆ, "ಹೋಗ್ಲಿ ಬಿಡಿ, ಎಷ್ಟೋ ಮಕ್ಕಳಿಗೆ ಹಾಲು ಸಿಕ್ಕಿತಲ್ಲ" ಎಂದರು. ಅದು ನಿಜವೂ ಹೌದು. ಆ ನಿಜ ನನಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ. ಚಿತ್ರ ಕೊಂಡವರೊಬ್ಬರಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ನಾನು ಅವರ ಮನೆಗೆ ಹೋಗಿಲ್ಲ, ಕರೆದರೂ ಹೋಗಲಾರೆ.

ಅಕ್ಕ ಜಗಳವಾಡಿದ್ದರೆ ಉಳಿದುಕೊಳ್ಳುತ್ತಿದ್ದೆ. ಜಗಳವಾಡಲಿಲ್ಲ. ಹದಿನೈದು ದಿನ ಬಿಟ್ಟು ನಾನೇ ಫೋನು ಮಾಡಿದಾಗ ಎಂದಿನಂತೆ ಎತ್ತಿದಳು. "ಊಟಾತ್ರಿ?" ಎಂದಳು. ಬಾಗಿಲಲ್ಲಿ ಯಾರೋ ಗಿರಾಕಿ ನಿಂತಿರಬೇಕು, ಅವರನ್ನು ಕೇಳುತ್ತಿದ್ದಾಳೆ ಎಂದುಕೊಂಡೆ. "ನಿಮಗ ಕೇಳಿದ್ದರಿ, ಊಟಾತೇನ್ರಿ?" ಎಂದಳು.

ನನ್ನನ್ನು ಎತ್ತಿ ಆಡಿಸಿದವಳು, ಹುಟ್ಟಿದಾಗಿನಿಂದ "ನೀ" ಎಂದವಳು. "ಅಕ್ಕಾ, ನನಗ್ಯಾಕ ರೀ ಹಚ್ಚತೀ?" ಎಂದು ಅತ್ತೆ. "ಏನೂ ಇಲ್ಲರಿ" ಎಂದಳು. "ಪರಸ್ಥಳದೋರಿಗೆ ಹಂಗ ಅನ್ನೋದು ರೂಢಿ."

ಅದಾಗಿ ಮೂರು ವರ್ಷವಾಯಿತು. ತಿಂಗಳಿಗೊಮ್ಮೆ ಮಾತಾಡುತ್ತೇವೆ. ಮಗಳಿಗೆ "ನೀ" ಎನ್ನುತ್ತಾಳೆ, ಅವಳ ಜೊತೆ ನಗುತ್ತಾಳೆ. ಫೋನು ನನ್ನ ಕೈಗೆ ಬಂದಾಗ ಆರೋಗ್ಯ ಕೇಳುತ್ತಾಳೆ, ಇಲ್ಲಿಯ ಚಳಿ ಕೇಳುತ್ತಾಳೆ. ಮಾತು ಮುಗಿದ ಮೇಲೆ ಎಷ್ಟೋ ಮರ್ಯಾದೆಯಿಂದ, "ಇಡತೀನ್ರಿ" ಎಂದು ಹೇಳಿ ಇಡುತ್ತಾಳೆ.