ನಾಲ್ಕು ಕುರ್ಚಿಗಳ ಎಡೆ

ಅತ್ತೆಯ ಅಂಗೈಗಳು ಕಾಫಿ ಕೊಯ್ಲಿನ ಕಾಲಕ್ಕೆ ಕಪ್ಪಾದರೆ ಯುಗಾದಿಯವರೆಗೂ ಬಣ್ಣಕ್ಕೆ ಮರಳುತ್ತಿರಲಿಲ್ಲ. ತೋಟದ ಯಜಮಾನಿಯಾಗಿ ಹಣ್ಣು ಕೊಯ್ಯುವ ಅಗತ್ಯವೇನೂ ಅವರಿಗಿರಲಿಲ್ಲ. ಆದರೆ ಆಳುಗಳ ಎದುರು ನಿಂತು ಹುಕುಂ ಮಾಡುವುದಕ್ಕಿಂತ, ಅವರ ನಡುವೆ ಕೊಯ್ಯುತ್ತಾ ಮಾಡಿದ ಹುಕುಂ ಹೆಚ್ಚು ದೂರ ಕೇಳಿಸುತ್ತದೆ ಎಂಬುದು ಅವರ ಸಿದ್ಧಾಂತ. ಆ ಕೈ ಬಡಿಸಿದ್ದನ್ನು ಬೇಡವೆನ್ನುವ ಧೈರ್ಯ ಆಲ್ದೂರಿನ ಸುತ್ತ ಯಾರಿಗೂ ಇರಲಿಲ್ಲ. ಬದುಕಿದ್ದವರಿಗೂ ಇಲ್ಲ, ಸತ್ತವರಿಗೂ ಇಲ್ಲ.

ಸತ್ತವರೆಂದದ್ದು ಮಾತಿನ ಅಲಂಕಾರಕ್ಕಲ್ಲ. ನಮ್ಮಲ್ಲಿ ವರ್ಷಕ್ಕೊಮ್ಮೆ ಹಿರಿಯರ ಹಬ್ಬ. ತೀರಿಹೋದವರಿಗೆ ಅವರವರ ಇಷ್ಟದ ಅಡಿಗೆ ಮಾಡಿ, ಎಲೆ ಹಾಕಿ ಎಡೆ ಇಟ್ಟು, ಬಾಗಿಲು ಮುಚ್ಚಿ, ಅವರು ಉಂಡೇಳುವಷ್ಟು ಹೊತ್ತು ಮನೆಮಂದಿ ಹೊರಗೆ ಸುಮ್ಮನೆ ಕೂರಬೇಕು. ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಒಳಗಿನ ಕೋಣೆಯ ನೆಲ. ತೋಟದ ಆಫೀಸು ಕೋಣೆಯಲ್ಲಿ ಮಾತ್ರ ಮೇಜಿನ ಮೇಲೆ ಇನ್ನೂ ನಾಲ್ಕು ಎಲೆ, ಸುತ್ತ ನಾಲ್ಕು ಕುರ್ಚಿ. ಬಿಳಿಯರು ನೆಲದ ಮೇಲೆ ಕೂತು ಅಭ್ಯಾಸವಿಲ್ಲದವರು ಎಂದು ಅತ್ತೆ ಮಾಡಿದ ಏರ್ಪಾಡು. ಎಲೆಯ ಪಕ್ಕ ಒಂದೊಂದು ಚಮಚವೂ ಇರುತ್ತಿತ್ತು.

ಅದು ಶುರುವಾದದ್ದು ಯುದ್ಧದ ಕಾಲದಲ್ಲಿ, ಅತ್ತೆ ಚಿಕ್ಕ ಹುಡುಗಿಯಾಗಿದ್ದಾಗ. ಹಬ್ಬಕ್ಕೆ ವಾರವಿರುವಾಗ, ಹಾರಾಟ ಕಲಿಯುತ್ತಿದ್ದ ನಾಲ್ವರು ಬಿಳಿಯ ಸೈನಿಕರ ವಿಮಾನ ಮಂಜಿನಲ್ಲಿ ದಾರಿ ತಪ್ಪಿ ನಮ್ಮ ತೋಟದ ಮೇಲಿನ ಗುಡ್ಡಕ್ಕೆ ಬಡಿಯಿತು. ಅತ್ತೆಯ ತಂದೆ, ಅಂದರೆ ನನ್ನ ಅಜ್ಜ, ಆಳುಗಳೊಂದಿಗೆ ಹತ್ತಿಹೋಗಿ, ಮೆಣಸು ಕೊಯ್ಯುವ ಏಣಿಗಳ ಮೇಲೆ ನಾಲ್ವರನ್ನೂ ಮಲಗಿಸಿ ಇಳಿಸಿ ತಂದರು. ಮೂವರು ಹೋಗಿಬಿಟ್ಟಿದ್ದರು. ನಾಲ್ಕನೆಯವನಿಗೆ ಉಸಿರಿತ್ತು. ಮಿಲಿಟರಿ ಲಾರಿ ಬಂದು ಎಲ್ಲರನ್ನೂ ಒಯ್ದಿತು. ಚಿಕ್ಕಮಗಳೂರು ಮುಟ್ಟುವ ಮೊದಲೇ ಆ ಉಸಿರೂ ನಿಂತಿತೆಂದು ಮರುದಿನ ಬಸ್ ಕಂಡಕ್ಟರು ಸುದ್ದಿ ತಂದ. ಆ ಕಾಲದಲ್ಲಿ ಕಂಡಕ್ಟರು ಹೇಳಿದನೆಂದರೆ ಸರ್ಕಾರವೇ ಹೇಳಿದ ಹಾಗೆ. ನಮ್ಮ ನೆಲದಲ್ಲಿ ಬಿದ್ದವರು ಹಸಿದು ಹೋಗಬಾರದೆಂದು ಅಜ್ಜ ಆ ಹಬ್ಬಕ್ಕೇ ನಾಲ್ಕು ಎಲೆ ಹೆಚ್ಚಿಗೆ ಹಾಕಿಸಿದರು. ಅವರ ನಂತರ ಆ ಪದವಿ ಅತ್ತೆಗೆ ಬಂತು.

ಆ ನಾಲ್ವರ ಇಷ್ಟಾನಿಷ್ಟ ಯಾರಿಗೂ ಗೊತ್ತಿಲ್ಲದ್ದರಿಂದ ಅತ್ತೆಯೇ ನಿರ್ಣಯಿಸಿದರು: ಅಕ್ಕಿರೊಟ್ಟಿ, ಕೋಳಿಸಾರು, ಬೇಯಿಸಿದ ಮೊಟ್ಟೆ, ಕೊನೆಗೆ ಕಾಫಿ. ಪಾನೀಯದ ವಿಷಯದಲ್ಲಿ ಮಾತ್ರ ಮಾವನ ತಕರಾರು ವರ್ಷವೂ ಇದ್ದದ್ದೇ.

“ನಮ್ಮ ಹಿರಿಯರಿಗೆಲ್ಲ ಬ್ರಾಂಡಿ ಇಡ್ತೀಯ. ದೊರೆಗಳಿಗೆ ಬರೀ ಕಾಫಿಯಾ? ಮರ್ಯಾದೆ ಅಲ್ಲ ಮಾರಾಯ್ತಿ.”

ಮಾವ ಮನೆಅಳಿಯ. ಎಡೆಯ ಬ್ರಾಂಡಿ ಬಾಗಿಲು ತೆರೆದ ಮೇಲೆ ಯಾರ ಪಾಲಿಗೆ ಹೋಗುತ್ತದೆಂದು ಅವರಿಗೂ ಗೊತ್ತು, ಅತ್ತೆಗೂ ಗೊತ್ತು.

“ಅವ್ರು ಕಲಿಯೋ ಹುಡುಗ್ರು. ಕಲಿಯೋ ವಯಸ್ಸಲ್ಲಿ ಕುಡಿಯೋದಿಲ್ಲ.”

“ಕಲಿಸೋರು ಒಬ್ರು ಜೊತೆಗೆ ಇದ್ದಿರ್ತಾರಲ್ಲ. ಅವ್ರಿಗಾದ್ರೂ ಒಂದು ಲೋಟ.”

“ಕಲಿಸೋರಿಗೆ ಮೊದ್ಲೇ ಬೇಡ.”

ಕಾಫಿ ಖಾಯಂ ಆಯಿತು.

ಹೀಗೆ ನಡೆದುಕೊಂಡು ಬಂದ ವ್ಯವಸ್ಥೆಯೊಳಕ್ಕೆ, ಕೆಲವು ವರ್ಷಗಳ ಹಿಂದೆ, ಟ್ಯಾಕ್ಸಿಯಿಂದ ಇಂಗ್ಲೆಂಡಿನ ಹೆಂಗಸೊಬ್ಬಳು ಇಳಿದಳು. ಅವಳ ಅಜ್ಜ ಆ ವಿಮಾನದಲ್ಲಿದ್ದವರಂತೆ, ಗುಡ್ಡ ನೋಡಬೇಕಂತೆ. ಬೆಳೆಗಾರರ ಸಭೆಗಳಲ್ಲಿ ವಂದನಾರ್ಪಣೆಗಷ್ಟೇ ಬಳಕೆಯಾಗುತ್ತಿದ್ದ ನನ್ನ ಇಂಗ್ಲಿಷನ್ನು ಕೂಡಲೇ ಸೇವೆಗೆ ಕರೆಯಲಾಯಿತು.

ಅತ್ತೆಯ ಮುಖ ಅರಳಿತು. “ಹೇಳು ಅವ್ಳಿಗೆ. ಅವ್ಳ ಅಜ್ಜ ವರ್ಷಾ ವರ್ಷಾ ಇಲ್ಲೇ ಊಟ ಮಾಡ್ಕೊಂಡು ಹೋಗ್ತಾರೆ ಅಂತ.”

ಎಡೆ ಎಂದರೇನೆಂದು ತಿಳಿಸಲು ನಾನು ಕೈಕಾಲೆಲ್ಲ ಆಡಿಸಬೇಕಾಯಿತು. ಅವಳು ಗೊಂದಲದಲ್ಲೇ ನಕ್ಕಳು. ಅಜ್ಜ ತೀರಿಕೊಂಡು ಮೂರೇ ವರ್ಷವಾಯಿತು ಎಂದಳು. ಉಸಿರಿದ್ದ ನಾಲ್ಕನೆಯವರು ಅವರೇ. ಮಿಲಿಟರಿ ಆಸ್ಪತ್ರೆಯಲ್ಲಿ ಚೇತರಿಸಿಕೊಂಡು, ಊರಿಗೆ ಹೋಗಿ, ತೊಂಬತ್ತು ದಾಟಿ ಬದುಕಿದ್ದರು.

ನಾನು ಇದನ್ನು ಕನ್ನಡಕ್ಕೆ ತಂದೆ. ತಂದವನಿಗೇ ಬೇಡವಾಗಿತ್ತು. ಬದುಕಿದ್ದವರಿಗೆ ಎಡೆ ಇಡುವುದೆಂದರೆ ನಮ್ಮಲ್ಲಿ ಸಾವಿಗೆ ಅವರ ಮನೆಯ ದಾರಿ ತೋರಿಸಿದ ಹಾಗೆ. ಹಗೆಯವರಿಗೂ ಮಾಡುವುದಿಲ್ಲ.

“ಇಷ್ಟು ವರ್ಷ, ಬದುಕಿರೋ ಮನುಷ್ಯಂಗೆ...” ಎಂದು ಅತ್ತೆ ಅಲ್ಲಿಗೇ ನಿಂತರು. ಮಾವ ಕೂಡ ತಮಾಷೆ ಮಾಡದೆ ಚಪ್ಪಲಿ ನೋಡುತ್ತಾ ಕೂತರು.

ಆಮೇಲೆ ವಿಚಾರಣೆ ಶುರುವಾಯಿತು. “ಆರೋಗ್ಯ ಹೇಗಿತ್ತು ಕೇಳು.”

ಒಂದು ಕಾಲು ಸ್ವಲ್ಪ ಗಿಡ್ಡ, ಅಷ್ಟೇ. ಮುದುಕರಾದ ಮೇಲೂ ಸೈಕಲ್ ತುಳಿಯುತ್ತಿದ್ದರು.

“ಈ ಹಬ್ಬದ ತಿಂಗಳಲ್ಲಿ ಎಂತಾದ್ರೂ ಆಗ್ತಿತ್ತಾ? ನಮ್ಮ ಮುಖ ನೋಡಿ ಸುಳ್ಳು ಹೇಳ್ಬೇಡ ಅನ್ನು.”

ಕೇಳದೆ ಏನೋ ಒಂದು ಉತ್ತರ ಕೊಟ್ಟುಬಿಡುವ ಎಂದುಕೊಂಡೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಕೇಳಿದೆ. ಆಗುತ್ತಿತ್ತು ಎಂದಳು ಆಕೆ. ವಿಮಾನ ಬಿದ್ದ ದಿನ ಬಂತೆಂದರೆ ಅಜ್ಜ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಾರು ಕರೆದರೂ ಊಟಕ್ಕೆ ಬರುತ್ತಿರಲಿಲ್ಲ.

“ನೋಡ್ದ್ಯಾ,” ಎಂದರು ಅತ್ತೆ. ಅವರ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. “ನನ್ನಿಂದ್ಲೇ ಆಗಿದ್ದು.”

ಅವರು ಏನೆಂದರೆಂದು ಆಕೆಗೆ ಅರ್ಥವಾಗಲಿಲ್ಲ, ತನ್ನಷ್ಟಕ್ಕೆ ಮುಂದುವರಿಸಿದಳು. ಒಳಗೆ ಅಜ್ಜ ಆ ಮೂವರು ಗೆಳೆಯರ ಫೋಟೋ ಎದುರಿಟ್ಟುಕೊಂಡು ಕೂರುತ್ತಿದ್ದರು. ಮೂವರಿಗೂ ಮದುವೆಯಾಗಿರಲಿಲ್ಲ, ಹೆತ್ತವರೂ ಹೋಗಿದ್ದರು. ನಾನು ಸತ್ತರೆ ಭೂಮಿಯ ಮೇಲೆ ಇವರನ್ನು ನೆನೆಯುವವರೇ ಇಲ್ಲ ಎನ್ನುತ್ತಿದ್ದರಂತೆ.

ಅತ್ತೆ ಇದನ್ನು ನನ್ನಿಂದ ಎರಡು ಸಲ ಹೇಳಿಸಿದರು.

“ಬಾಗಿಲು ಹಾಕ್ಕೊಂಡು?”

“ಬಾಗಿಲು ಹಾಕ್ಕೊಂಡು.”

“ಆ ಮೂರು ಜನರ ಎದ್ರಿಗೆ?”

“ಹೌದು ಅತ್ತೆ.”

ನ್ಯಾಯಾಧೀಶರು ತೀರ್ಪಿಗೆ ಮೊದಲು ತೆಗೆದುಕೊಳ್ಳುವಷ್ಟು ಹೊತ್ತು ಅತ್ತೆ ತೆಗೆದುಕೊಂಡರು. “ಹಾಗಾದ್ರೆ ಅವ್ರೂ ಎಡೆ ಇಡ್ತಿದ್ರು. ಉಣ್ಣೋಕೆ ಕೂತೋರಲ್ಲ ಅವ್ರು, ಬಡಿಸೋಕೆ ನಿಂತೋರು. ಅಡಿಗೆ ನಮ್ದು, ಬಾಗಿಲು ಅವ್ರದ್ದು. ತಪ್ಪೇನಾಗಿಲ್ಲ.”

ಈ ತೀರ್ಪನ್ನು ನಾನು ಇಂಗ್ಲಿಷಿಗೆ ತಂದಾಗ ಆಕೆ ಅತ್ತೆಯ ಕೈ ಹಿಡಿದುಕೊಂಡು ಅತ್ತಳು. ಅತ್ತೆ ಅಳಲಿಲ್ಲ, ಅವರಿಗೆ ಕೆಲಸವಿತ್ತು. ಇನ್ನು ಮೇಲೆ ನಾಲ್ಕನೆಯ ಎಲೆ ನಿಜವಾಗಿಯೂ ಸಲ್ಲಬೇಕಾದ ಎಲೆ, ನಿಮ್ಮ ಅಜ್ಜನಿಗೆ ಏನು ಇಷ್ಟ ಎಂದು ಕೇಳಿಸಿದರು. ಏನಾದರೂ ಆದೀತು, ಕಾಫಿಯ ವಾಸನೆ ಮಾತ್ರ ಅವರಿಗಾಗುತ್ತಿರಲಿಲ್ಲ ಎಂದಳು.

“ಪಾಪ,” ಎಂದರು ಅತ್ತೆ. “ಬದುಕಿದ್ದಕ್ಕೆ ಬಚಾವಾದ್ರು.”

ಆ ವರ್ಷದಿಂದ ನಾಲ್ಕನೆಯ ಕುರ್ಚಿಗೆ ಟೀ. ಕಾಫಿ ಸೀಮೆಯ ನಡುಮನೆಯಲ್ಲಿ ಟೀ ಕಾಸಿದ ಈ ಅಪಚಾರವನ್ನು ಹೊರಗೆಲ್ಲೂ ಹೇಳಕೂಡದೆಂದು ಮಾವ ನನ್ನಿಂದ ಮಾತು ತೆಗೆದುಕೊಂಡಿದ್ದರು. ಈಗ ಮಾವನೂ ಇಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲ ಅತ್ತೆಯನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಹಿಂತಿರುಗುವ ಲಕ್ಷಣವಿಲ್ಲವೆಂದು ಅವರಿಗೆ ನಮಗಿಂತ ಮೊದಲು ಗೊತ್ತಾಗಿತ್ತು. ನನ್ನನ್ನು ಹತ್ತಿರ ಕರೆದರು.

“ಇನ್ಮೇಲೆ ಎಲೆ ಹಾಕೋನು ನೀನೇ. ನಂದೂ ಸೇರಿಸಿ. ಆದ್ರೆ ನೋಡು, ಅವ್ರು ಹೇಳಿದ್ರು ಇವ್ರು ಹೇಳಿದ್ರು ಅಂತ ಹಾಕ್ಬೇಡ. ಕಣ್ಣಾರೆ ನೋಡಿ ಖಾತ್ರಿ ಮಾಡ್ಕೊಂಡು ಹಾಕು.”

ಎರಡು ದಿನ ಬಿಟ್ಟು, ಒಂದು ಮಧ್ಯಾಹ್ನ, ಡಾಕ್ಟರು ನಾಡಿ ನೋಡಿ ತಲೆಯಾಡಿಸಿ ಹೋದರು. ಮನೆಯವರೆಲ್ಲ ಫೋನು ಹಿಡಿದು ಹೊರಗೆ ಹೋದರು. ನಾನು ಮಂಚದ ಪಕ್ಕದ ಸ್ಟೂಲಿನಿಂದ ಏಳಲಿಲ್ಲ. ಬಹಳ ಹೊತ್ತಾದ ಮೇಲೆ ನರ್ಸಮ್ಮ ಬಂದು, ಇನ್ನೂ ಯಾಕೆ ಕೂತಿದ್ದೀರಿ ಸಾರ್, ಆಯ್ತಲ್ಲ ಎಂದಳು.

ಖಾತ್ರಿ ಮಾಡಿಕೊಳ್ಳುತ್ತಿದ್ದೇನಮ್ಮ, ಎಂದೆ.